ಆ ದಂಡೆಯ ಹಕ್ಕಿ

ಸುರಪುರ
18 ನವೆಂಬರ್ 2024

ಅತೀಕಭಾಯಿ,

ಈ ಲಕೋಟೆಯಲ್ಲಿ ಗೋಗಿಯ ಹಳೆಯ ಬಾವಿಯ ಫಾರಸಿ ಬರಹದ ಕಲ್ಲಿನ ಪಡಿಯಚ್ಚು ಇದೆ. ಮಡಿಕೆ ಬಿಚ್ಚುವಾಗ ಕೈ ನಿಧಾನವಿರಲಿ, ಇದ್ದಿಲ ಪುಡಿ ಉದುರುತ್ತದೆ. ಕಾಗದ ಹಾಸಿ ತಿಕ್ಕುವಾಗ ಗಾಳಿ ಬೀಸಿತು, ಎರಡನೆಯ ಸಾಲು ಅಲುಗಾಡಿದೆ. ಫೋಟೋದಲ್ಲಿ ಅಕ್ಷರದ ಆಳ ತಿಳಿಯುವುದಿಲ್ಲ ಎಂದು ನೀವೇ ಹೇಳಿದ್ದರಿಂದ ಅಂಚೆಗೆ ಹಾಕುತ್ತಿದ್ದೇನೆ. ಅಲ್ಲದೆ ಯಾದಗಿರಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಬ್ಬರೂ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಂಡವರ ಟ್ರಂಕ್ ಕಾಲ್ ಜೋಡಿಸಿದ್ದು ಒಂದು ಜನ್ಮಕ್ಕೆ ಸಾಕು. ಕಾಗದವೇ ವಾಸಿ.

ನಿವೃತ್ತಿಯಾದ ಮೇಲೆ ಹೊತ್ತು ಹೇಗೆ ಕಳೆಯುತ್ತೀರಿ ಎಂದು ಕೇಳಿದವರಿಗೆ ಈಗ ಒಂದೇ ಉತ್ತರ ಕೊಡುತ್ತೇನೆ: ಬೆಳಿಗ್ಗೆ ಹಕ್ಕಿ, ಮಧ್ಯಾಹ್ನ ಚರಿತ್ರೆ. ಮೊದಲ ಬಸ್ಸಿಗೆ ಜೋಡಬಂಡಿ ಕೆರೆಗೆ ಹೋಗಿ ತೂಬಿನ ಪಕ್ಕದ ಬೇವಿನ ಮರದ ಕೆಳಗೆ ಕೂಡುತ್ತೇನೆ. ಹಕ್ಕಿಗಳ ಕಣ್ಣಿಗೆ ಬೀಳಬಾರದೆಂದು ಮಣ್ಣುಬಣ್ಣದ ಹಳೆಯ ಕೋಟು ತೊಡುತ್ತೇನೆ. ಬಿಸಿಲೇರಿದ ಮೇಲೆ ಅದನ್ನು ಟೊಂಗೆಗೆ ತೂಗುಹಾಕುತ್ತೇನೆ. ಬೀಳ್ಕೊಡುಗೆಗೆ ನೀವು ಕೊಟ್ಟ ದುರ್ಬೀನು ಈಗಲೂ ಹೊಸದರಂತಿದೆ. ನಿನ್ನೆ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿದವು. ಬಣ್ಣದ ಕೊಕ್ಕರೆಗಳು ಮೊದಲೇ ಬಂದಿದ್ದವು. ನೀರುಕಾಗೆಗಳಂತೂ ಬಂಡೆಯ ಮೇಲೆ ರೆಕ್ಕೆ ಹರವಿಕೊಂಡು ಒಗೆದ ಬಟ್ಟೆ ಒಣಹಾಕಿದಂತೆ ನಿಂತಿರುತ್ತವೆ.

ಮಧ್ಯಾಹ್ನದ ಚರಿತ್ರೆಗೆ ಒಬ್ಬ ಮುದುಕಿ ಸಿಕ್ಕಿದ್ದಾಳೆ. ಮೌನಮ್ಮ ಎಂದು ಹೆಸರು, ಜೋಡಬಂಡಿಯ ಮೀನುಗಾರರ ಓಣಿಯವಳು. ಕೆರೆ ಕಟ್ಟಿದ ಕಥೆಯನ್ನು ಅವಳಷ್ಟು ಚೆನ್ನಾಗಿ ಹೇಳುವವರು ಇಲ್ಲ. ನನ್ನನ್ನು "ಮಾಸ್ತರ" ಎಂದು ಕರೆಯುತ್ತಾಳೆ. ನಾನು ಮಾಸ್ತರನಲ್ಲ ಎಂದು ಹೇಳಿ ಸಾಕಾಗಿ ಬಿಟ್ಟಿದ್ದೇನೆ. "ಕನ್ನಡಕ ಐತಿ, ಪೆನ್ನ ಐತಿ, ಇನ್ನೇನ ಬೇಕ್ರಿ ಮಾಸ್ತರಗ?" ಎನ್ನುತ್ತಾಳೆ. ಕೆರೆ ಕಟ್ಟಿಸಿದ ದೊರೆ ಅವಳ ಹಿರಿಯರಿಗೆ ಮೀನು ಹಿಡಿಯಲು ಬಿಟ್ಟಾಗ ಒಂದು ಕರಾರು ಹಾಕಿದನಂತೆ, ಹಕ್ಕಿಗೆ ಬಲೆ ತಾಗಬಾರದು ಎಂದು. "ಹಕ್ಕಿ ಕಾಯೂದು ನಮ್ಮ ಪಾಳಿರಿ," ಎಂದಳು. ಕಟ್ಟುಕಥೆ ಇರಬೇಕು. ಆದರೂ ಬರೆದುಕೊಂಡೆ.

ನಿಮ್ಮ
ಬಸವಂತ

*

ಸೋಲಾಪುರ
29 ನವೆಂಬರ್ 2024

ಬಸವಂತಣ್ಣ,

ಪಡಿಯಚ್ಚು ತಲುಪಿತು. ಇದ್ದಿಲು ನನ್ನ ಲುಂಗಿಗೂ ತಲುಪಿತು. ಮನೆಯವರು ನಿಮಗೆ ಸಲಾಂ ಹೇಳಿದ್ದಾರೆ, ಬೇರೆ ಒಂದೆರಡು ಮಾತೂ ಹೇಳಿದ್ದಾರೆ, ಅವನ್ನು ಬರೆಯುವುದಿಲ್ಲ.

ಮೊದಲ ಸಾಲು ಓದಲು ಬಂತು: ಬಾಯಾರಿ ಬಂದವರಿಗೆ ಈ ಬಾವಿ. ಎರಡನೆಯ ಸಾಲಿನಲ್ಲಿ ಕಟ್ಟಿಸಿದವರ ಹೆಸರು ಇರಬೇಕು. ಅಲ್ಲಿ ನನಗೆ ಕಾಣುವುದು ಒಂದು ಗೀರು, ಒಂದು ಚುಕ್ಕೆ. ಇಷ್ಟರಿಂದ ಯಾವ ಸುಲ್ತಾನನನ್ನು ಬೇಕಾದರೂ ಮಾಡಬಹುದು. ಮಾಡುವುದಿಲ್ಲ. ಕಾಣದ ಅಕ್ಷರವನ್ನು ಓದುವ ಚಟ ನನಗಿಲ್ಲ. ಗಾಳಿ ಇಲ್ಲದ ದಿನ ನೋಡಿ ಇನ್ನೊಮ್ಮೆ ಹೋಗಿ ಬನ್ನಿ.

ಇಲ್ಲಿ ಕಿಟಕಿಯಿಂದ ಕಾಣುವುದು ಪಾರಿವಾಳ ಮಾತ್ರ. ಮನೆಯವರ ತವರೂರು, ಬೀಗರ ಮಾತು, ಒಳ್ಳೆಯ ಊಟ, ಎಲ್ಲ ಸರಿ ಇದೆ. ಆದರೆ ಕೆರೆ ಇಲ್ಲ. ನಿಮ್ಮ ಕಾಗದ ಓದಿದ ರಾತ್ರಿ ನಾನು ಜೋಡಬಂಡಿಯ ಏರಿಯ ಮೇಲೆ ಸೈಕಲ್ ತಳ್ಳಿಕೊಂಡು ಹೋದಂತೆ ಕನಸು ಬಿತ್ತು. ಹೆಬ್ಬಾತುಗಳ ವಿಷಯ ಹೆಚ್ಚು ಬರೆಯಿರಿ.

ಅತೀಕ

*

ಸುರಪುರ
9 ಡಿಸೆಂಬರ್ 2024

ಅತೀಕಭಾಯಿ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸಿ.

ಬೆಳಿಗ್ಗೆ ಮಂಜು ಕರಗಿದ ಮೇಲೆ ದುರ್ಬೀನು ಎತ್ತಿದೆ. ಆಚೆ ದಂಡೆಯಲ್ಲಿ, ಬಲೆ ಹಾಕುವ ಜಾಗದಲ್ಲಿ, ನೀರಿನೊಳಗೆ ಒಂದು ಗಳ ನೆಟ್ಟಿದ್ದಾರೆ. ಅದಕ್ಕೆ ಬಣ್ಣದ ಕೊಕ್ಕರೆಯನ್ನು ಕಾಲು ಕಟ್ಟಿ ತಲೆಕೆಳಗಾಗಿ ನೇತುಹಾಕಿದ್ದಾರೆ. ರೆಕ್ಕೆ ಜೋತುಬಿದ್ದು ಗಾಳಿಗೆ ತೂಗುತ್ತಿತ್ತು. ಗುಲಾಬಿ ಗರಿಗಳು ಸ್ಪಷ್ಟವಾಗಿ ಕಂಡವು. ಸ್ವಲ್ಪ ದೂರದಲ್ಲಿ ಇನ್ನೊಂದು. ಮೀನಿಗೆ ಪೈಪೋಟಿ ಬರುವ ಹಕ್ಕಿಗಳನ್ನು ಕೊಂದು, ಉಳಿದವು ಹೆದರಲೆಂದು ಹೀಗೆ ತೂಗುಹಾಕಿದ್ದಾರೆ.

ಎಲ್ಲೆಲ್ಲಿಂದಲೋ ಹಾರಿ ಬರುವ ಜೀವಗಳಿಗೆ ನಮ್ಮ ತಾಲ್ಲೂಕು ಕೊಡುವ ಆತಿಥ್ಯ ಇದು. ಸುಮ್ಮನಿರಲು ಆಗಲಿಲ್ಲ. ನಮ್ಮ ದಿನಪತ್ರಿಕೆಯ ಓದುಗರ ವಿಭಾಗಕ್ಕೆ ಬರೆದಿದ್ದೇನೆ. ನೀರಿನ ಪೈಪಿನ ಮೇಲೆ, ಬಸ್ಸಿನ ವೇಳೆಯ ಮೇಲೆ ಇಷ್ಟು ವರ್ಷ ಬರೆದದ್ದೆಲ್ಲ ಇದಕ್ಕೆ ತಾಲೀಮು ಅನಿಸಿತು. ಊರಲ್ಲಿ ತಿರುಗಾಡುವವನು ನಾನು, ಹೆಸರು ಹಾಕಿಲ್ಲ. "ಪಕ್ಷಿಪ್ರೇಮಿ, ಸುರಪುರ" ಎಂದಿದ್ದೇನೆ. ನಾಳೆ ಅಂಚೆಗೆ ಹಾಕುತ್ತೇನೆ. ನಿಮ್ಮ ಅಭಿಪ್ರಾಯ ತಿಳಿಸಿ.

ಬಸವಂತ

*

ಸೋಲಾಪುರ
17 ಡಿಸೆಂಬರ್ 2024

ಬಸವಂತಣ್ಣ,

ಓದಿ ನನಗೂ ಸಿಟ್ಟು ಬಂತು. ಮನೆಯವರಿಗೆ ಓದಿ ಹೇಳಿದೆ, ಅವರು ಕೈಯಲ್ಲಿದ್ದ ಬಟಾಣಿ ಕೆಳಗಿಟ್ಟರು.

ಒಂದೇ ಮಾತು ಕೇಳುತ್ತೇನೆ. ಆ ದಂಡೆಗೆ ಹೋಗಿ ನೋಡಿದಿರಾ? ಯಾರನ್ನಾದರೂ ಕೇಳಿದಿರಾ? ಬೇವಿನ ಮರದಿಂದ ಬಲೆಯ ಜಾಗಕ್ಕೆ ಇಡೀ ಕೆರೆ ಅಡ್ಡ ಇದೆ. ಏರಿ ಸುತ್ತಿ ನಡೆದರೆ ಎರಡು ಮೂರು ಬೀಡಿ ಸೇದಿ ಮುಗಿಸುವಷ್ಟರಲ್ಲಿ ತಲುಪಬಹುದು. ಒಮ್ಮೆ ನೋಡಿ ಬಂದು, ಆಮೇಲೆ ಕಳಿಸಿ. ಬೈಯುವುದಾದರೆ ಹತ್ತಿರ ಹೋಗಿ ಬೈದರೆ ಗಟ್ಟಿ.

ಅತೀಕ

*

(ದಿನಪತ್ರಿಕೆಯ ಓದುಗರ ಪತ್ರ ವಿಭಾಗದಿಂದ, 20 ಡಿಸೆಂಬರ್ 2024)

ಜೋಡಬಂಡಿ ಕೆರೆಯಲ್ಲಿ ಅತಿಥಿಗಳ ಹತ್ಯೆ

ಸುರಪುರ ತಾಲ್ಲೂಕಿನ ಜೋಡಬಂಡಿ ಕೆರೆಗೆ ಪ್ರತಿ ಚಳಿಗಾಲ ದೂರದ ನಾಡುಗಳಿಂದ ಹಕ್ಕಿಗಳು ಬರುತ್ತವೆ. ಮೀನಿನ ಆಸೆಗೆ ಇವುಗಳನ್ನು ಕೊಂದು, ಗಳಕ್ಕೆ ನೇತುಹಾಕಿ, ಉಳಿದ ಹಕ್ಕಿಗಳನ್ನು ಬೆದರಿಸಲಾಗುತ್ತಿದೆ. ಇದನ್ನು ಕಣ್ಣಾರೆ ಕಂಡಿದ್ದೇನೆ. ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಂಡು ಈ ಮೂಕಜೀವಿಗಳನ್ನು ಉಳಿಸಬೇಕು.

ಪಕ್ಷಿಪ್ರೇಮಿ, ಸುರಪುರ

*

ಸುರಪುರ
27 ಡಿಸೆಂಬರ್ 2024

ಅತೀಕಭಾಯಿ,

ನಿಮ್ಮ ಕಾಗದ ಬರುವಷ್ಟರಲ್ಲಿ ಅಚ್ಚಾಗಿಬಿಟ್ಟಿತ್ತು. ತುಣುಕು ಕತ್ತರಿಸಿ ಇಟ್ಟಿದ್ದೇನೆ, ನೋಡಿ. ಶೀರ್ಷಿಕೆ ಅವರದು, ಒಂದು ಪದವನ್ನೂ ಬಿಟ್ಟಿಲ್ಲ.

ಇಂಥ ಪತ್ರಗಳಿಗೆ ಏನೂ ಆಗುವುದಿಲ್ಲ ಎನ್ನುವವರಿಗೆ ಈಗ ಉತ್ತರ ಸಿಕ್ಕಿತು. ಮೂರನೆಯ ದಿನಕ್ಕೆ ಅರಣ್ಯ ಕಚೇರಿಯ ಜೀಪು ಬಂತು. ನಾನು ಬೇವಿನ ಮರದ ಕೆಳಗೇ ಇದ್ದೆ. ಗಳ ಕಿತ್ತರು, ಬಲೆಗಳನ್ನು ಸುತ್ತಿ ಜೀಪಿಗೆ ಹಾಕಿದರು, ಒಂದು ತೆಪ್ಪವನ್ನು ಮೇಲೆ ಕಟ್ಟಿಕೊಂಡು ಹೋದರು. ಈಗ ಆ ದಂಡೆ ಖಾಲಿ. ಕೊಕ್ಕರೆಗಳು ಅಲ್ಲಿಯೂ ಇಳಿಯುತ್ತಿವೆ. ನೋಡಿ ಮನಸ್ಸು ತುಂಬಿತು.

ಜೀಪಿನ ಗದ್ದಲದಿಂದಾಗಿ ಓಣಿಯ ಕಡೆ ಹೋಗಿಲ್ಲ. ಮುದುಕಿಯ ಕಥೆ ಅರ್ಧಕ್ಕೆ ನಿಂತಿದೆ. ಹೊಸ ವರ್ಷದಲ್ಲಿ ಮುಂದುವರಿಸುತ್ತೇನೆ.

ಬಸವಂತ

*

ಸೋಲಾಪುರ
4 ಜನವರಿ 2025

ಬಸವಂತಣ್ಣ, ಶಾಬಾಷ್!

ತುಣುಕನ್ನು ಇಸ್ತ್ರಿ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ನಮ್ಮ ಓಣಿಯ ಕನ್ನಡ ವಾಚನಾಲಯದಲ್ಲಿ ಎಲ್ಲರೆದುರು ಓದಿದೆ. ಈ ಪಕ್ಷಿಪ್ರೇಮಿ ನನ್ನ ದೋಸ್ತ, ಒಂದೇ ಬೋರ್ಡಿನ ಮುಂದೆ ಕೂತು ಕೆಲಸ ಮಾಡಿದವರು ಎಂದಾಗ ಚಪ್ಪಾಳೆ ಹೊಡೆದರು. ಫೆಬ್ರುವರಿ ಕೊನೆಗೆ ಅವರ ವಾರ್ಷಿಕ ಸಭೆ ಇದೆ. ನಿಮಗೆ ಶಾಲು ಹೊದಿಸಬೇಕೆಂದು ಠರಾವು ಮಾಡಿದ್ದಾರೆ. ಒಲ್ಲೆ ಎನ್ನಬೇಡಿ. ಬನ್ನಿ, ಎರಡು ದಿನ ಇರಿ, ಮನೆಯವರು ಖೀಮಾ ಇಲ್ಲದ ಅಡುಗೆಯನ್ನೂ ಮಾಡಬಲ್ಲರು.

ಒಂದು ಮಾತು. ನಾನು ಕೇಳಿದ್ದಕ್ಕೆ ನೀವು ಉತ್ತರ ಬರೆದಿಲ್ಲ. ಜೀಪಿನವರೂ ಬಂದು ನೋಡಿದ್ದಾರೆಂದ ಮೇಲೆ ಸರಿಯೇ ಇರಬೇಕು.

ಅತೀಕ

*

ಸುರಪುರ
15 ಜನವರಿ 2025

ಪ್ರಿಯ ಅತೀಕರಿಗೆ,

ಗೋಗಿಗೆ ಇನ್ನೊಮ್ಮೆ ಹೋಗಿ ಬಂದೆ. ಗಾಳಿ ಇರಲಿಲ್ಲ. ಪಡಿಯಚ್ಚು ಜೊತೆಗಿದೆ. ಎರಡನೆಯ ಸಾಲು ಈ ಸಲ ಸ್ವಲ್ಪ ಎದ್ದು ಬಂದಿದೆ. ಓದಿ ತಿಳಿಸಿ.

ಶಾಲು ಬೇಡ. ವಾಚನಾಲಯದವರಿಗೆ ಹೇಳಿಬಿಡಿ.

ಬಸವಂತ

*

ಸೋಲಾಪುರ
24 ಜನವರಿ 2025

ಬಸವಂತಣ್ಣ,

ಇದೇನು, ಸರ್ಕಾರಿ ತಾರಿನಂಥ ಕಾಗದ? "ಪ್ರಿಯ ಅತೀಕರಿಗೆ" ಅಂತೆ! ನಾನು ಯಾವಾಗ ನಿಮಗೆ "ರಿಗೆ" ಆದೆ?

ಒಂದೇ ಒಂದು ಹಕ್ಕಿಯೂ ಇಲ್ಲದ ಕಾಗದ ನೋಡಿ ಮನೆಯವರಿಗೂ ಅನುಮಾನ ಬಂತು. ಜ್ವರವೇ? ಅಥವಾ ಹೋಗಿ ನೋಡಿದಿರಾ ಎಂದು ಎರಡು ಸಲ ಕೇಳಿದ್ದಕ್ಕೆ ಮುನಿಸೇ? ಅದು ನನ್ನ ಹಳೆಯ ಚಟ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಇಲ್ಲಾ ಆ ಬಲೆಯವರು ಯಾರಾದರೂ ನಿಮಗೆ ಧಮಕಿ ಹಾಕಿದರೇ? ಪಕ್ಷಿಪ್ರೇಮಿ ಯಾರೆಂದು ಅವರಿಗೆ ತಿಳಿದಿದ್ದರೆ ಒಬ್ಬರೇ ಕೆರೆಗೆ ಹೋಗಬೇಡಿ. ಠಾಣೆಯಲ್ಲಿ ಒಂದು ಮಾತು ಹೇಳಿಡಿ. ಹಕ್ಕಿಯ ಕತ್ತು ತಿರುಚುವವರಿಗೆ ಮುದುಕನೊಬ್ಬ ಏನು ಲೆಕ್ಕ?

ಶಾಲಿಗೆ ಬಣ್ಣ ಆರಿಸಿಯಾಗಿದೆ. ಬರುವುದಿಲ್ಲ ಎಂದು ನಾನು ಯಾರಿಗೂ ಹೇಳಿಲ್ಲ.

ಅತೀಕ

*

ಸುರಪುರ
3 ಫೆಬ್ರುವರಿ 2025

ಅತೀಕಭಾಯಿ,

ಧಮಕಿ ಯಾರೂ ಹಾಕಿಲ್ಲ. ಚಹಾ ಕೊಟ್ಟಿದ್ದಾರೆ. ಅದನ್ನೇ ಬರೆಯಬೇಕಾಗಿದೆ.

ಆ ದಂಡೆಗೆ ನಾನು ಹೋಗಿರಲಿಲ್ಲ. ನೀವು ಕೇಳಿದಾಗಲೂ ಹೋಗಲಿಲ್ಲ.

ಹೊಸ ವರ್ಷದ ಮೊದಲ ವಾರ ಮಧ್ಯಾಹ್ನ ಮೌನಮ್ಮನವರ ಮನೆಗೆ ಹೋದೆ, ಉಳಿದ ಕಥೆ ಬರೆದುಕೊಳ್ಳಲು. ಅವರ ಮಗ ಮರಿಲಿಂಗ ಮೀನು ಹಿಡಿಯುತ್ತಾನೆಂದು ಗೊತ್ತಿತ್ತು. ಐದಾರು ಮನೆಯವರು ಬಲೆ ಹಾಕುವ ಕೆರೆ, ಅವನ ಬಲೆ ಎಲ್ಲಿ ಎಂದು ನಾನು ಕೇಳಿರಲಿಲ್ಲ. ಬೆಳಿಗ್ಗೆ ಅವನು ನೀರಿನಲ್ಲಿರುತ್ತಿದ್ದ, ಮಧ್ಯಾಹ್ನ ಶಹಾಪುರದ ಪೇಟೆಯಲ್ಲಿ. ನಾನು ಅವನ ಮುಖ ನೋಡಿದವನಲ್ಲ.

ಪಡಸಾಲೆಯ ಮೂಲೆಯಲ್ಲಿ ಬಣ್ಣದ ಕೊಕ್ಕರೆ ಬಿದ್ದಿತ್ತು. ಹತ್ತಿರದಿಂದ ನೋಡಿದೆ. ಬಿದಿರ ಬಳೆಯ ಮೇಲೆ ಗೋಣಿಚೀಲ ಹೊಲಿದು, ಡಾಂಬರು ಸವರಿ, ಗರಿ ಅಂಟಿಸಿದ ಬೊಂಬೆ. ಕೊಕ್ಕು ಜಾಲಿಯ ಕಟ್ಟಿಗೆಯದು. ಒಂದು ಕಡೆ ಬೂಟಿನಿಂದ ತುಳಿದಂತೆ ಚಪ್ಪಟೆಯಾಗಿತ್ತು.

"ಇದೇನವ್ವ?" ಎಂದೆ.

"ಕಾವಲ ಹಕ್ಕಿರಿ. ನಾನ ಮಾಡೂದು. ಪ್ರತಿ ವರ್ಷ ಬಲಿ ಹಾಕೂ ಮುಂದ ದಂಡ್ಯಾಗ ಉದುರಿದ ಪುಚ್ಚ ಆರಿಸ್ಕೊಂಡ ಬಂದು ಕಟ್ಟತೀವಿ. ಇದನ್ನ ಕಂಡ್ರ ಹಕ್ಕಿ ಬಲಿ ಕಡಿ ಸುಳಿಯಂಗಿಲ್ಲ. ಸುಳದ್ರ ಕಾಲ ಸಿಕ್ಕೊಂಡ ಸಾಯ್ತಾವ, ನಮ್ಮ ಬಲೀನೂ ಹರೀತಾವ. ದೊರಿ ಹಾಕಿದ ಕರಾರ ಅಂತ ನಿಮಗ ಹೇಳಿದ್ನೆಲ್ಲ, ನೀವ ಬರ್ಕೊಂಡೀರಿ."

ಹೌದು, ಬರೆದುಕೊಂಡಿದ್ದೆ. ಬೆಳಿಗ್ಗೆ ಹಕ್ಕಿ, ಮಧ್ಯಾಹ್ನ ಚರಿತ್ರೆ. ಮಧ್ಯಾಹ್ನ ಕೇಳಿದ್ದು ಬೆಳಿಗ್ಗೆ ಕಂಡದ್ದಕ್ಕೆ ಸಂಬಂಧಪಟ್ಟಿರಬಹುದೆಂದು ನನ್ನ ತಲೆಗೆ ಹೊಳೆಯಲಿಲ್ಲ.

ಜೀಪಿನವರು ಗಳ ಕಿತ್ತಾಗ ಅದು ಬೊಂಬೆ ಎಂದು ಗೊತ್ತಾಗಿ ಒಬ್ಬ ನಕ್ಕನಂತೆ. ಆದರೂ ಪೇಪರಿನಲ್ಲಿ ಬಂದಿದೆ, ಬಂದವರು ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಬಲೆ, ತೆಪ್ಪ ಎತ್ತಿಕೊಂಡು ಹೋದರಂತೆ. ಮರಿಲಿಂಗ ಈಗ ಶಹಾಪುರದಲ್ಲಿ ಹತ್ತಿಯ ಅಂಡಿಗೆ ಹೊರುತ್ತಾನೆ. ಸೊಸೆ ರೇಣುಕಾದೇವಿ ಕಾಲುವೆ ಕಡೆಯ ಗದ್ದೆಗೆ ಕೂಲಿಗೆ ಹೋಗುತ್ತಾಳೆ.

ಮೌನಮ್ಮ ನನಗೆ ಚಹಾ ಕೊಟ್ಟು, "ಚಲೋ ಹೊತ್ತಿಗಿ ಬಂದ್ರಿ ಮಾಸ್ತರ. ಆ ಪೇಪರ್‌ನವರಿಗಿ ನಂದೊಂದು ಬರದು ಕೊಡ್ರಿ," ಎಂದರು. ನಾನು ಪೆನ್ನು ತೆಗೆದೆ. ಬೇರೆ ಏನು ಮಾಡಲಿ?

"ಬರೀರಿ. ಏ ಪಕ್ಷಿಪ್ರೇಮಿ, ನಿನ್ನ ಕಣ್ಣಾಗ ಡಾಂಬರ ಬಿದ್ದೈತೇನು? ಕುಂಡಿ ಎತ್ತಿ ನಾಕ ಹೆಜ್ಜಿ ನಡದಿದ್ರ ನಿನ್ನ ಗಂಟೇನ ಹೋಗ್ತಿತ್ತು? ನೆಳ್ಳಾಗ ಕುಂತು ಪ್ರೇಮ ಮಾಡ್ತಿಯೇನೋ ಹಾಟ್ಯಾ!"

"ಇಷ್ಟು ಒರಟು ಇದ್ದರೆ ಅವರು ಹಾಕುವುದಿಲ್ಲವ್ವ," ಎಂದೆ.

"ಇದು ಒರಟ? ಇದು ಜರಾ ಸಣ್ಣಂದ್ರಿ. ದೊಡ್ಡದು ಹೇಳಿದ್ರ ನಿಮ್ಮ ಪೆನ್ನ ಮುರೀತೈತಿ."

ಅವರು ಹೇಳಿದ್ದನ್ನು ತಿದ್ದಿ ತೀಡಿ ಅಚ್ಚಿಗೆ ಹೊಂದುವ ಭಾಷೆಯಲ್ಲಿ ಬರೆದೆ. ನನ್ನನ್ನೇ ನಾನು ಬೈಯುವ ಪತ್ರವನ್ನು ನೀಟಾಗಿ, ಅಂಚು ಬಿಟ್ಟು, ಓದಿ ತೋರಿಸಿದೆ. ಅವರು ಹೆಬ್ಬೆಟ್ಟು ಒತ್ತಿ, "ಯಾವ ಇರಬೇಕ್ರಿ ಅಂವ?" ಎಂದು ಕೇಳಿದರು.

"ಗೊತ್ತಿಲ್ಲವ್ವ," ಎಂದೆ.

ಅಲ್ಲಿಯವರೆಗೆ ನಾನು ತಪ್ಪು ಮಾಡಿದ್ದೆ. ಆ ಗಳಿಗೆಯಿಂದ ಸುಳ್ಳನಾದೆ.

"ನಮಗ ಗೊತ್ತೈತಿ," ಎಂದರು ಮೌನಮ್ಮ. "ನಮ್ಮ ದಂಡ್ಯಾಗ ಪೇಪರ್ ಓದಾವ ಒಬ್ಬನ. ಚಾದಂಗಡಿ ಫಕೀರಸಾಬ. ಮರಿಲಿಂಗನ ಕೂಡ ಮೀನ ತೂಕಕ್ಕ ಜಗಳ ಮಾಡಿದ್ದ. ಅಂವನ ಬರದಾನ." ಓಣಿಯ ಯಾರೂ ಈಗ ಅವನ ಅಂಗಡಿಯಲ್ಲಿ ಚಹಾ ಕುಡಿಯುವುದಿಲ್ಲವಂತೆ. ಅವನ ಬೆಂಚು ಖಾಲಿ ಇರುವುದನ್ನು ನಾನು ದುರ್ಬೀನಿನಲ್ಲಿ ನೋಡಿದ್ದೇನೆ. ಬಲೆ ಇಲ್ಲ, ಗಿರಾಕಿ ಇಲ್ಲ ಎಂದುಕೊಂಡಿದ್ದೆ. ಅದೂ ನನ್ನ ಊಹೆ.

ಅವನಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಗೆ ಗೊತ್ತು ಎಂದು ಕೇಳುತ್ತಾರೆ ಎಂದು ಮುಚ್ಚಿದೆ. ಆಮೇಲೆಯೂ ಎರಡು ಸಲ ಹೋಗಿದ್ದೇನೆ, ಎರಡು ಸಲವೂ ಚಹಾ ಕುಡಿದಿದ್ದೇನೆ. ಅವರ ಪತ್ರ ಇನ್ನೂ ನನ್ನ ಕೋಟಿನ ಒಳಜೇಬಿನಲ್ಲಿದೆ. ಅಂಚೆಗೆ ಹಾಕಿಲ್ಲ. ಬಂತೇ ಎಂದು ಕೇಳಿದರೆ, "ಪೇಪರ್‌ನವರು ತಡ ಮಾಡುತ್ತಾರವ್ವ" ಎನ್ನುತ್ತೇನೆ.

ಶಾಲಿನ ಬಣ್ಣದ ವಿಷಯ ಇನ್ನೊಮ್ಮೆ ಬರೆಯಬೇಡಿ.

ಬಸವಂತ

*

ಸೋಲಾಪುರ
11 ಫೆಬ್ರುವರಿ 2025

ಬಸವಂತಣ್ಣ,

ನಿಮ್ಮ ಕಾಗದವನ್ನು ಮನೆಯವರಿಗೆ ಓದಿ ಹೇಳಿದೆ. ಫಕೀರಸಾಬನ ಭಾಗ ಬಂದಾಗ ಮಡಚಿಟ್ಟೆ. ಅದನ್ನು ಓದಲು ಆಗಲಿಲ್ಲ.

ಸಿಟ್ಟಿನಲ್ಲಿ ಒಂದು ಕಾಗದ ಬರೆದು ಹರಿದೆ. ಹರಿಯಲು ಕಾರಣವಿದೆ. ನಾನು ಎರಡು ಸಲ ಪ್ರಶ್ನೆ ಕೇಳಿದವನು ಎಂದು ಎದೆ ಸೆಟೆಸಿ ಬರೆದಿದ್ದೆ. ಆಮೇಲೆ ನೆನಪಾಯಿತು. ಉತ್ತರ ಬರುವ ಮೊದಲೇ ತುಣುಕಿಗೆ ಇಸ್ತ್ರಿ ಹಾಕಿದವನು ನಾನು. ಚಪ್ಪಾಳೆ ತೆಗೆದುಕೊಂಡು ಬಂದವನು ನಾನು. ಅವರನ್ನು ಕತ್ತು ತಿರುಚುವವರು ಎಂದು ಬರೆದವನು, ಠಾಣೆಗೆ ಹೋಗಿ ಎಂದವನು. ಕಲ್ಲಿನ ಮೇಲಿನ ಒಂದು ಚುಕ್ಕೆಯನ್ನು ಊಹಿಸಲೊಲ್ಲದ ನಾನು ಮನುಷ್ಯರನ್ನು ಎಷ್ಟು ಸಲೀಸಾಗಿ ಓದಿಬಿಟ್ಟೆ!

ನಾವಿಬ್ಬರೂ ನೌಕರಿಯುದ್ದಕ್ಕೂ ಮಾಡಿದ್ದು ಒಂದನ್ನೇ. ಈ ದಂಡೆಯ ಮಾತನ್ನು ಆ ದಂಡೆಗೆ ಮುಟ್ಟಿಸುವುದು. ನಡುವೆ ನಮ್ಮದು ಸೇರಿಸಬಾರದು, ಅವರದು ಬಿಡಬಾರದು. ಆ ಮುದುಕಿಯ ಕಾಲ್ ನಿಮ್ಮ ಜೇಬಿನಲ್ಲಿ ತಡೆದು ನಿಂತಿದೆ. ಜೋಡಿಸಿ.

ಆದರೆ ಮೊದಲು ಅವರಿಗೆ ಹೇಳಿ. ಹೇಳದೆ ಅಂಚೆಗೆ ಹಾಕಿದರೆ ಅದು ಇನ್ನೊಂದು ಕಳ್ಳತನ.

ವಾಚನಾಲಯದಲ್ಲಿ ಆ ಪತ್ರ ತಪ್ಪು, ಶಾಲು ಬೇಡ ಎಂದು ಹೇಳಿದ್ದೇನೆ. ಅಧ್ಯಕ್ಷರು, "ಬಿಡಿ ಸಾಹೇಬರೇ, ಉದ್ದೇಶ ಒಳ್ಳೆಯದಿತ್ತಲ್ಲ," ಎಂದರು. ಅದನ್ನು ಕೇಳಿ ಹೆಚ್ಚು ನಾಚಿಕೆಯಾಯಿತು.

ಅತೀಕ

*

ಸುರಪುರ
20 ಫೆಬ್ರುವರಿ 2025

ಅತೀಕಭಾಯಿ,

ಹೇಳಿದೆ.

ಮಧ್ಯಾಹ್ನ, ಅದೇ ಪಡಸಾಲೆಯಲ್ಲಿ. ಚಹಾ ಬರುವ ಮೊದಲೇ ಹೇಳಬೇಕೆಂದು ಹೋಗಿದ್ದೆ. ಹೋಗುವಷ್ಟರಲ್ಲಿ ಬಟ್ಟಲು ಕೈಗೆ ಬಂದಿತ್ತು. ಎರಡು ಗುಟುಕು ಕುಡಿದು, "ಅವ್ವ, ಆ ಪಕ್ಷಿಪ್ರೇಮಿ ನಾನೇ," ಎಂದೆ.

ಮೌನಮ್ಮನವರಿಗೆ ಮೊದಲು ಅರ್ಥವಾಗಲಿಲ್ಲ. "ನೀವು ಹಕ್ಕಿ ನೋಡವ್ರು, ಅದು ಗೊತ್ತೈತೆಲ್ಲರಿ," ಎಂದರು. ಇನ್ನೊಮ್ಮೆ ಬಿಡಿಸಿ ಹೇಳಿದೆ. ಬೇವಿನ ಮರ, ದುರ್ಬೀನು, ಪೇಪರು, ಎಲ್ಲ.

ಅವರು ಬೈಯುತ್ತಾರೆ ಎಂದುಕೊಂಡು ತಲೆ ತಗ್ಗಿಸಿ ಕೂತೆ. ಬೈಯಲಿಲ್ಲ. ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡರು. ಚಹಾ ಇನ್ನೂ ಅರ್ಧ ಇತ್ತು. ಅಂಗಳಕ್ಕೆ ಚೆಲ್ಲಿ ಬಂದು ಕೂತರು.

"ನನ್ನ ಕಡಿಂದ ಬೈಸ್ಕೋತ ಬರ್ಕೋತ ಕುಂತಿದ್ರಿ," ಎಂದರು.

"ಹೌದವ್ವ."

"ಯಾವ ಇರಬೇಕು ಅಂದ್ರ ಗೊತ್ತಿಲ್ಲ ಅಂದ್ರಿ."

"ಹೌದವ್ವ."

"ಫಕೀರಸಾಬನ ಹೆಂಡತಿ ಎದುರು ಬಂದ್ರ ನಾ ಮಾರಿ ತಿರುವಿದೆ. ಸಂತ್ಯಾಗ. ಎಲ್ಲಾರ ಮುಂದ." ಇದನ್ನು ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. ಆಮೇಲೆ, "ಆ ಕಾಗದ ಎಲ್ಲೈತಿ? ತಗೀರಿ. ಕೆಳಗ ಇನ್ನೊಂದು ಸಾಲ ಬರೀರಿ. ಇದನ್ನ ಬರದು ಕೊಟ್ಟಾವನ ಆ ಪಕ್ಷಿಪ್ರೇಮಿ, ಅವನ ಹೆಸರ ಇದು, ಊರ ಇದು, ಅಂತ. ಫಕೀರಸಾಬ ಅಲ್ಲ ಅಂತ."

ಬರೆದೆ. ನನ್ನ ಪೂರ್ತಿ ಹೆಸರು, ಊರು, ಓಣಿ. ಬಾಗಿಲಿನಲ್ಲಿ ಮರಿಲಿಂಗ ನಿಂತಿದ್ದ. ಯಾವಾಗ ಬಂದನೋ. ಮೊದಲ ಸಲ ಅವನ ಮುಖ ನೋಡಿದೆ. ಅವನು ನನ್ನನ್ನು ನೋಡಲಿಲ್ಲ.

ಪತ್ರ ಅದೇ ಸಂಜೆ ಅಂಚೆಗೆ ಬಿತ್ತು. ಮರುದಿನ ಅರಣ್ಯ ಕಚೇರಿಗೆ ಹೋಗಿ, ದೂರು ತಪ್ಪು ಎಂದು ಬರೆದುಕೊಟ್ಟೆ. ಅಲ್ಲಿದ್ದವರು, "ದೂರು ಪಕ್ಷಿಪ್ರೇಮಿಯದು, ನೀವು ಯಾರು?" ಎಂದರು. ನಾನೇ ಅವನು ಎಂದೆ. "ಅದಕ್ಕೇನು ದಾಖಲೆ?" ಎಂದರು. ಮೂರು ಸಲ ತಿರುಗಿದ ಮೇಲೆ ತೆಪ್ಪ, ಬಲೆ ಬಿಟ್ಟರು. ಬಿಸಿಲಿಗೆ ಅದರ ತಾಡಪಾಲು ಸೀಳಿದೆ. ಬಲೆಯನ್ನು ಇಲಿಗಳು ಕಡಿದಿವೆ. ಟಂಟಂ ಗಾಡಿಯ ಮೇಲೆ ಹೇರುವಾಗ ಕೈ ಹಾಕಲು ಹೋದೆ. ಮರಿಲಿಂಗ, "ಬಿಡ್ರಿ, ನಾವ ಮಾಡ್ಕೋತೀವಿ," ಎಂದ.

ಬಸವಂತ

*

(ದಿನಪತ್ರಿಕೆಯ ಓದುಗರ ಪತ್ರ ವಿಭಾಗದಿಂದ, 2 ಮಾರ್ಚ್ 2025)

ಅದು ಬೊಂಬೆ

ಜೋಡಬಂಡಿ ಕೆರೆಯಲ್ಲಿ ಹಕ್ಕಿಗಳನ್ನು ಕೊಂದು ನೇತುಹಾಕುತ್ತಾರೆ ಎಂದು ಇಲ್ಲಿ ಪ್ರಕಟವಾದದ್ದು ನಿಜವಲ್ಲ. ಅವು ಉದುರಿದ ಗರಿಗಳಿಂದ ಮಾಡಿದ ಬೊಂಬೆಗಳು. ಹಕ್ಕಿಗಳು ಬಲೆಗೆ ಸಿಕ್ಕದಿರಲೆಂದು ಹಿಂದಿನಿಂದ ಹೀಗೆ ಮಾಡುತ್ತ ಬಂದಿದ್ದೇವೆ.

ಮೌನಮ್ಮ, ಜೋಡಬಂಡಿ

*

ಸೋಲಾಪುರ
5 ಮಾರ್ಚ್ 2025

ಬಸವಂತಣ್ಣ,

ಪೇಪರು ಇಲ್ಲಿಯೂ ಬರುತ್ತದೆ, ನೋಡಿದೆ. ಕೊನೆಯ ಸಾಲು ಇಲ್ಲ. ಜಾಗ ಸಾಲಲಿಲ್ಲ ಎಂದಿರಬೇಕು. ನಿಮ್ಮ ಹೆಸರು ಉಳಿಯಿತು ಎಂದು ಒಂದು ಕ್ಷಣ ಹಾಯೆನಿಸಿತು. ನಿಮಗೂ ಅನಿಸಿರಬಹುದು. ನಿಜ ಹೇಳಿ ಎಂದು ಕೇಳುವುದಿಲ್ಲ.

ಗೋಗಿಯ ಕಲ್ಲಿನ ಎರಡನೆಯ ಸಾಲು ಇನ್ನೂ ಕೂಡಿ ಬಂದಿಲ್ಲ.

ಅತೀಕ

*

ಸುರಪುರ
11 ಮಾರ್ಚ್ 2025

ಅತೀಕಭಾಯಿ,

ಅನಿಸಿತು. ಬಸ್ ನಿಲ್ದಾಣದಲ್ಲಿ ಪೇಪರು ಬಿಚ್ಚಿ, ಹೆಸರಿಲ್ಲದ್ದು ನೋಡಿ, ಹಾಯೆನಿಸಿತು. ಆಮೇಲೆ ಅದಕ್ಕೂ ನಾಚಿಕೆಯಾಯಿತು.

ಅದನ್ನು ಮೌನಮ್ಮನವರಿಗೆ ಓದಿ ಹೇಳಬೇಕಿತ್ತು. ಇಲ್ಲದ ಸಾಲನ್ನು ಇದ್ದಂತೆ ಓದಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ಇದ್ದಷ್ಟೇ ಓದಿದೆ. "ನಿಮ್ಮ ಹೆಸರ?" ಎಂದರು. ಹಾಕಿಲ್ಲ ಎಂದೆ. "ಫಕೀರಸಾಬ ಅಲ್ಲ ಅಂತ?" ಅದೂ ಇಲ್ಲ ಎಂದೆ.

"ಹಂಗಾರ ನೀವ ಹೇಳ್ರಿ. ಪೇಪರ್‌ಗಿ ಜಾಗ ಇಲ್ಲಂದ್ರ ಏನಾತು, ಬಾಯಿ ಐತೆಲ್ಲ. ನಾಳಿ ಮುಂಜಾನಿ ಮೀನ ತೂಗೂ ಹೊತ್ತಿಗಿ ಬರ್ರಿ. ಎಲ್ಲಾರೂ ಇರ್ತಾರ."

ಮರುದಿನ ಮೊದಲ ಬಸ್ಸಿಗೆ ಹೋದೆ. ರೂಢಿಯಂತೆ ಕಾಲು ಬೇವಿನ ಮರದ ಕಡೆಗೇ ಎಳೆಯಿತು. ಹೆಬ್ಬಾತುಗಳು ಹೊರಟು ಹೋಗಿವೆ. ಅಲ್ಲಿ ಕೂತು ಧೈರ್ಯ ಕೂಡಿಸಿಕೊಂಡೆ. ಬಿಸಿಲು ಬಂದಾಗ ಕೋಟನ್ನು ಟೊಂಗೆಗೆ ಹಾಕಿ, ಏರಿ ಸುತ್ತಿ ಆ ದಂಡೆಗೆ ನಡೆದೆ. ಈ ಕೆರೆಗೆ ಬರಲು ಶುರು ಮಾಡಿದ ಮೇಲೆ ಇದೇ ಮೊದಲು.

ಫಕೀರಸಾಬನ ಅಂಗಡಿ ಮೀನು ತೂಗುವ ಜಾಗಕ್ಕೆ ಹತ್ತಿಕೊಂಡೇ ಇದೆ. ಒಲೆ ಹೊತ್ತಿತ್ತು, ಬೆಂಚು ಖಾಲಿ ಇತ್ತು. ಓಣಿಯವರು ತಕ್ಕಡಿಯ ಸುತ್ತ ನಿಂತಿದ್ದರು. ಮೌನಮ್ಮ ನನ್ನ ಕಡೆ ನೋಡಿದರು. ನಾನು ಬೆಂಚಿನ ಹತ್ತಿರ ನಿಂತು ಹೇಳಿದೆ. ಪೇಪರಿಗೆ ಬರೆದವನು ನಾನು, ನನ್ನ ಹೆಸರು ಇದು, ಫಕೀರಸಾಬ ಅಲ್ಲ, ನಾನು ಇಲ್ಲಿಗೆ ಬಂದು ನೋಡದೆ, ಕೇಳದೆ ಬರೆದೆ. ಇಷ್ಟು ಹೇಳಲು ಎರಡು ಸಲ ಮೊದಲಿನಿಂದ ಶುರು ಮಾಡಬೇಕಾಯಿತು. ಟ್ರಂಕ್ ಲೈನಿನಲ್ಲಿ ದೆಹಲಿಯವರೆಗೆ ಕೂಗಿದವನಿಗೆ.

ಫಕೀರಸಾಬ ಸೌಟು ಹಿಡಿದುಕೊಂಡೇ, "ಎಷ್ಟ ದಿನಾ ಆತ್ರಿ ಇದು? ಡಿಸೆಂಬರ್‌ದಾಗ ಬಂದಿದ್ದು. ಈಗ ರಂಜಾನ್ ಹತ್ತೈತಿ," ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದ. ಮೌನಮ್ಮ ಹೋಗಿ ಅವನ ಬೆಂಚಿನ ಮೇಲೆ ಕೂತರು. "ಒಂದು ಕಪ್ ಹಾಕಪಾ," ಎಂದರು. ಅವನು ಕೂಡಲೇ ಹಾಕಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹಾಕಿದ.

ನಾನು ಹೊರಡಬೇಕೆಂದಾಗ ಮರಿಲಿಂಗ ಎದುರು ಬಂದು ಕೈ ಚಾಚಿದ. "ಅದನ್ನ ಕೊಡ್ರಿ ಇಲ್ಲಿ," ಎಂದ. ಕೊರಳಲ್ಲಿದ್ದ ದುರ್ಬೀನು ತೆಗೆದು ಕೊಟ್ಟೆ. ಇಟ್ಟುಕೊಳ್ಳುತ್ತಾನೆ, ಇಲ್ಲವೆ ನೀರಿಗೆ ಎಸೆಯುತ್ತಾನೆ ಎಂದುಕೊಂಡೆ. ಅದೂ ಊಹೆಯೇ. ಅವನು ಅದನ್ನು ಕಣ್ಣಿಗೆ ಹಿಡಿದು ಕೆರೆಯ ಆಚೆ, ತೂಬಿನ ಕಡೆ ನೋಡಿದ. ಬಹಳ ಹೊತ್ತು ನೋಡಿದ.

"ಅವ್ವಾ," ಎಂದು ಕೂಗಿದ. "ಬೇವಿನ ಗಿಡದಾಗ ಒಬ್ಬ ಮುದುಕ ಉರ್ಲ ಹಾಕ್ಕೊಂಡ ನೇತಾಡಾಕತ್ಯಾನ ನೋಡು."

ಯಾರೂ ನಗಲಿಲ್ಲ.

"ಅದು ನನ್ನ ಕೋಟು," ಎಂದೆ.

ಅವನು ದುರ್ಬೀನು ಇಳಿಸಿ ನನ್ನ ಕೈಗೆ ಕೊಟ್ಟ. ಆಗ ಮೊದಲ ಸಲ ನನ್ನ ಮುಖ ನೋಡಿದ.

"ಹೋಗಿ ನೋಡದ ಹೆಂಗ ಹೇಳ್ತೀರಿ?" ಎಂದ.

ಏರಿ ಸುತ್ತಿ ಬೇವಿನ ಮರದವರೆಗೆ ನಡೆದೆ. ಎಲ್ಲರೂ ಆ ದಂಡೆಯಿಂದ ನನ್ನನ್ನು ನೋಡುತ್ತಿದ್ದರು. ಕೋಟನ್ನು ಟೊಂಗೆಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, ಅಷ್ಟೇ ದಾರಿ ಮತ್ತೆ ನಡೆದು, ಅವರ ಮುಂದೆ ನಿಂತೆ.

"ನೋಡಿ ಬಂದೆ," ಎಂದೆ. "ಕೋಟೇ."

ಬಸವಂತ